ಮೂರು ಮಗ್ಗಕ್ಕೆ ಒಂದೇ ಕೋಡು

೬ ಜುಲೈ ೨೦೦೭, ಶುಕ್ರವಾರ. ಮೊಳಕಾಲ್ಮುರು

ಬೆಳಿಗ್ಗೆಯಿಂದ ಎರಡು ಸಲ ಕರೆಂಟ್ ಹೋಯಿತು. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ಕಾದೆ. ಬಂತು. ನಾಲ್ಕು ಸಾಲು ನೇಯುವಷ್ಟರಲ್ಲಿ ಮತ್ತೆ ಹೋಯಿತು. ಬೈದೆ. ಯಾರನ್ನು ಅಂತ ನನಗೂ ಗೊತ್ತಿಲ್ಲ.

ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ನಾನೂ ಇಲ್ಲ. ಮೊದಲೆಲ್ಲ ಕಾಲಲ್ಲಿ ತುಳಿದೇ ಎಳೆ ಎತ್ತುವ ಕೊಕ್ಕೆ ಎತ್ತುತ್ತಿದ್ದೆ. ಬಲ ಮೊಣಕಾಲು ಸವೆದ ಮೇಲೆ ಆ ಭಾರ ತುಳಿಯಲಾಗಲಿಲ್ಲ. ಕಟ್ಟೆ ಮೇಲೆ ಕೂತು ಹೋಗಿ ಬರುವ ಬಸ್ಸು ನೋಡುತ್ತಿದ್ದೆ. ಆಗ ತಂಗಿ ಓಬಕ್ಕನ ಮಗಳು ಶ್ರೀವಾಣಿ ಈ ಪೆಟ್ಟಿಗೆ ತಂದು ಮಗ್ಗದ ನೆತ್ತಿಯ ಮೇಲೆ ಕೂರಿಸಿದಳು. ಡಿಸೈನಿನ ತೂತು ಹೊಡೆದ ರಟ್ಟಿನ ಕಾರ್ಡು ಅಟ್ಟಕ್ಕೆ ಹೋಯಿತು. ಯಾವ ಎಳೆ ಏಳಬೇಕೆಂದು ಕಂಪ್ಯೂಟರ್ ಹೇಳುತ್ತದೆ, ಪೆಟ್ಟಿಗೆಯ ಮೋಟರು ಎತ್ತುತ್ತದೆ, ನಾನು ಲಾಳಿ ಹಾಯಿಸುತ್ತೇನೆ. ಅದು ಕೆಟ್ಟರೆ ಮತ್ತೆ ಕಟ್ಟೆಯೇ ಗತಿ.

ಮಧ್ಯಾಹ್ನ ಓಬಕ್ಕ ಸೀರೆ ಹಿಡಿದುಕೊಂಡು ಬಂದಳು. ಸೆರಗು ಬಿಡಿಸಿದಳು. ಹಂಸದ ಬುಟ್ಟಾ. ಕತ್ತು ಎರಡರಷ್ಟು ಉದ್ದ.

"ಇದೇನೇ ಓಬಿ, ಹಂಸಾನಾ ಒಂಟೇನಾ?"

"ನಗಬ್ಯಾಡಣ್ಣ. ಕರೆಂಟ್ ಹೋಗಿ ಬಂದ ಮ್ಯಾಲೆ ನೇಯ್ದಿದ್ದ ಸಾಲನ್ನೇ ಪೆಟ್ಟಿಗೆ ಮತ್ತೆ ಎತ್ತೈತೆ. ನಾನು ನೋಡ್ಲಿಲ್ಲ."

ನನ್ನ ಮಗ್ಗಕ್ಕೂ ಹೋದ ವರ್ಷ ಇದೇ ರೋಗ ಬಂದಿತ್ತು. ಶ್ರೀವಾಣಿ ವಾಸಿ ಮಾಡಿದ್ದಳು. ನನ್ನದನ್ನು ವಾಸಿ ಮಾಡಿದವಳು ಹೆತ್ತವ್ವನದನ್ನು ಯಾಕೆ ಬಿಟ್ಟಳು? ಭಾನುವಾರ ಬರಲಿ, ಕೇಳುತ್ತೇನೆ.

೮ ಜುಲೈ, ಭಾನುವಾರ

ಚಳ್ಳಕೆರೆ ಬಸ್ಸಿಗೆ ಶ್ರೀವಾಣಿ ಬಂದಳು. ಅಲ್ಲಿ ಕಂಪ್ಯೂಟರ್ ಸೆಂಟರಿನಲ್ಲಿ ಹುಡುಗರಿಗೆ ಪಾಠ ಹೇಳುತ್ತಾಳೆ. ಕಾಲು ತೊಳೆಯುವ ಮೊದಲೇ ಕೇಳಿದೆ.

"ನಿಮ್ಮವ್ವಂದು ಯಾಕೆ ರಿಪೇರಿ ಮಾಡ್ಲಿಲ್ಲ?"

"ಮರೆತೆ ಮಾವ."

"ಮರೆಯಾಕೆ ಅದೇನು ಛತ್ರಿಯಾ?"

ಕೂತು ಬಿಡಿಸಿ ಹೇಳಿದಳು. ಪೆಟ್ಟಿಗೆ ಮೂರು. ನನ್ನದು ಕೊಯಮತ್ತೂರಿಂದ ಬಂದ ಹೊಸದು. ಓಬಕ್ಕನದು ಬೆಂಗಳೂರಿನ ಸೆಕೆಂಡ್ ಹ್ಯಾಂಡ್. ಮೂರನೆಯದನ್ನು ರಾಂಪುರದ ವೆಲ್ಡಿಂಗ್ ಶಾಪಿನ ನಾಗೇಂದ್ರಪ್ಪ ಹಳೇ ಸಾಮಾನು ಕೂಡಿಸಿ ಕಟ್ಟಿಕೊಟ್ಟದ್ದು. ಒಂದೊಂದರ ಭಾಷೆ ಒಂದೊಂದು. ಕಂಪ್ಯೂಟರನ್ನೂ ಪೆಟ್ಟಿಗೆಯನ್ನೂ ಮಾತಾಡಿಸುವ ಬರಹಕ್ಕೆ, ಅಂದರೆ ಕೋಡಿಗೆ, ಡ್ರೈವರ್ ಅನ್ನುತ್ತಾರಂತೆ. ಮೊದಲು ನನ್ನದಕ್ಕೆ ಬರೆದಳು. ಅದನ್ನೇ ನಕಲು ಮಾಡಿ ಅಲ್ಲಲ್ಲಿ ತಿದ್ದಿ ಉಳಿದೆರಡು ಮಾಡಿದಳು. ಈಗ ಒಂದರಲ್ಲಿ ತಪ್ಪು ತಿದ್ದಿದರೆ ಉಳಿದೆರಡರಲ್ಲಿ ಹಾಗೇ ಉಳಿಯುತ್ತದೆ.

"ಅದಕ್ಕೆ ಮಾವ, ಮೂರರಲ್ಲೂ ಒಂದೇ ಥರ ಇರೋದನ್ನ ತೆಗೆದು ಒಂದು ಕಡೆ ಇಡ್ತೀನಿ. ಸಾಲು ಎಣಿಸೋದು, ಡಿಸೈನ್ ಓದೋದು, ಕರೆಂಟ್ ಹೋದ್ರೆ ನೆನಪಿಟ್ಕೊಳ್ಳೋದು. ಒಂದ್ಸಲ ತಿದ್ದಿದ್ರೆ ಮೂರಕ್ಕೂ ಆಯ್ತು."

"ಮೂರನೇದಕ್ಕೂನಾ?"

"ಮೂರನೇದಕ್ಕೂ."

ಮೂರನೆಯದು ಚೌಡೇಶನದು. ನನ್ನ ಚಿಕ್ಕಪ್ಪನ ಮಗ, ಪಕ್ಕದ ಗೋಡೆಯವನು. ನಾನು ಬರೆದ ನವಿಲಿನ ಬುಟ್ಟಾ ನೋಡಿಕೊಂಡು ಹೋಗಿ ನನಗಿಂತ ಮೊದಲು ನೇಯ್ದು ಚಳ್ಳಕೆರೆಯ ಅಂಗಡಿಗೆ ಕೊಟ್ಟವನು. ಏಳು ವರ್ಷವಾಯಿತು ಮಾತಿಲ್ಲ. ಅವನ ಮಗ್ಗಕ್ಕೂ ನನ್ನ ಮಗ್ಗಕ್ಕೂ ಒಂದೇ ಕೋಡಂತೆ!

"ನಂದು ನಡೀತಾ ಐತೆ. ಮುಟ್ಟಬ್ಯಾಡ," ಅಂದೆ.

ಆಗ ಹೇಳಿದಳು. ಸೆಪ್ಟೆಂಬರಿನಿಂದ ಹಿರಿಯೂರಿನ ಪಾಲಿಟೆಕ್ನಿಕ್‌ನಲ್ಲಿ ಕೆಲಸ. ಭಾನುವಾರ ಭಾನುವಾರ ಬರಲಾಗುವುದಿಲ್ಲ. ಮೂರು ಕೋಡನ್ನು ದೂರದಿಂದ ಸಾಕಲಾಗದು, ಒಂದಾದರೆ ಸಾಕಬಹುದು.

ಎದ್ದು ಹೊರಗೆ ಹೋದೆ. ಬಸ್ ಸ್ಟ್ಯಾಂಡ್ ತನಕ ಕುಂಟಿದೆ, ಕೆಲಸವಿಲ್ಲದೆ ವಾಪಸ್ ಬಂದೆ. ಅಷ್ಟರಲ್ಲಿ ನನ್ನ ಕೋಡಿನಲ್ಲಿ ತಿದ್ದಿದ್ದ ತುಂಡನ್ನು ಅವ್ವನದಕ್ಕೆ ಅಂಟಿಸಿ ಹೊರಟುಹೋಗಿದ್ದಳು.

೧೧ ಜುಲೈ

ಓಬಕ್ಕನ ಕಂಪ್ಯೂಟರ್ ಕಲ್ಲಾಗಿ ನಿಂತಿದೆ. ಯಾವ ಕೀ ಒತ್ತಿದರೂ ಕೇಳುವುದಿಲ್ಲ. ಆರಿಸಿ ಹಚ್ಚಿದರೆ ಹತ್ತು ಸಾಲು ನೇಯುತ್ತದೆ, ಮತ್ತೆ ಕಲ್ಲು.

ಎಸ್.ಟಿ.ಡಿ. ಬೂತಿನಿಂದ ಶ್ರೀವಾಣಿಗೆ ಫೋನ್ ಮಾಡಿದೆ. ನನ್ನ ಪೆಟ್ಟಿಗೆಯಲ್ಲಿ ಇರುವ ಏನೋ ಒಂದು ಅವಳ ಪೆಟ್ಟಿಗೆಯಲ್ಲಿ ಇಲ್ಲ. ಕೋಡು ಇಲ್ಲದ್ದನ್ನು ಹುಡುಕುತ್ತಾ ನಿಂತುಬಿಡುತ್ತದಂತೆ.

"ಅಷ್ಟಕ್ಕೇ ಇಡೀ ಕಂಪ್ಯೂಟರ್ ಸಾಯ್ಬೇಕಾ?"

"ಡ್ರೈವರ್ ಇರೋದು ಕರ್ನಲ್ ಒಳಗೆ ಮಾವ. ಅದು ಕಂಪ್ಯೂಟರಿನ ಅಡುಗೆಮನೆ ಇದ್ದಂಗೆ. ಅಲ್ಲಿ ಒಲೆ ಕೆಟ್ರೆ ಮನೆ ಪೂರಾ ಉಪವಾಸ."

ಓಬಕ್ಕ ಭಾನುವಾರದವರೆಗೆ ಸುಮ್ಮನೆ ಕೂರಬೇಕು. ನನ್ನ ಅಂಗಳಕ್ಕೇ ಬಂದು ಕೂತಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈ ಖಾಲಿ ಇಟ್ಟುಕೊಂಡು ಕೂತವಳನ್ನು ನೋಡಲಾಗಲಿಲ್ಲ — ಕಟ್ಟೆ ಮೇಲೆ ನಾನು ಹೀಗೇ ಕೂತಿದ್ದೆ.

೧೫ ಜುಲೈ, ಭಾನುವಾರ

"ಮಾಡು," ಅಂದೆ ಶ್ರೀವಾಣಿಗೆ. "ಮೂರೂ ಸೇರಿಸು. ಬೇಗ ಮಾಡು."

"ಚೌಡೇಶ ಮಾವಂದು?"

"ಸೇರಿಸು ಅಂದ್ನಲ್ಲ! ಅವನ ಮನಿಗೆ ಮಾತ್ರ ನೀನೇ ಹೋಗ್ಬೇಕು."

೨೯ ಜುಲೈ, ಭಾನುವಾರ

ಕೋಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದಳು. ಮೂರು ಪೆಟ್ಟಿಗೆಯ ಕೋಡನ್ನು ಮಂಚದ ಮೇಲೆ ಪಕ್ಕಪಕ್ಕ ಹಾಸಿದಳು. ಮೂರರಲ್ಲೂ ಇರುವ ಸಾಲಿಗೆ ಕೆಂಪು ಪೆನ್ಸಿಲ್. ಕೆಂಪಿನದೆಲ್ಲ ಒಟ್ಟು ಮನೆಗೆ. ಉಳಿದದ್ದು ಆಯಾ ಪೆಟ್ಟಿಗೆಯ ಪಾಲಿಗೆ. ನಮ್ಮಪ್ಪ ಸತ್ತಾಗ ಪಾತ್ರೆ ಪಾಲು ಮಾಡಿದ್ದು ಹೀಗೇ, ಆದರೆ ಉಲ್ಟಾ.

ನನಗೆ ಇಂಗ್ಲಿಷ್ ಬಾರದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಕೂರಲಾಗದೆ ಮಂಚದ ಸುತ್ತ ತಿರುಗುತ್ತಿದ್ದೆ. ಹೆಂಡತಿ ಜಗದಾಂಬ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ, "ಬಾಲ ಸುಟ್ಟ ಬೆಕ್ಕಿನಂಗೆ ಯಾಕೆ ಸುತ್ತುತೀಯ? ಕೂಸಿಗೆ ತಲೆ ತಿರುಗ್ತೈತೆ," ಅಂದಳು.

ಚೌಡೇಶನ ಹಾಳೆಯ ಒಂದು ಕಡೆ ಶ್ರೀವಾಣಿ ಪೆನ್ಸಿಲ್ ಕಚ್ಚಿಕೊಂಡು ನಿಂತಳು. ಎತ್ತುವ ಮೊದಲು ಮೋಟರನ್ನು ಸ್ವಲ್ಪ ತಡೆದು ನಿಧಾನಕ್ಕೆ ಬಿಡುವ ಸಾಲು. ಉಳಿದೆರಡರಲ್ಲಿ ಅದಿಲ್ಲ.

"ಇದನ್ನ ಯಾಕೆ ಬರೆದೆ ಅಂತ ನೆನಪಾಗ್ತಿಲ್ಲ. ಪಕ್ಕದಲ್ಲಿ ಕಾರಣಾನೂ ಬರೆದಿಲ್ಲ."

"ಇಬ್ಬರಿಗೆ ಬ್ಯಾಡದ್ದು ಅವನೊಬ್ಬನಿಗ್ಯಾಕೆ? ಅವನದೇನು ಸ್ಪೆಷಲ್ಲಾ? ಹೊಡೆದಾಕು."

ಹೊಡೆದು ಹಾಕಿದಳು.

೩೦ ಜುಲೈ

ನಿದ್ದೆ ಇಲ್ಲ. ಮೊಣಕಾಲು.

೧೨ ಆಗಸ್ಟ್, ಭಾನುವಾರ. ಭೀಮನ ಅಮಾವಾಸ್ಯೆ

ಅಮಾವಾಸ್ಯೆ ದಿನ ನಾವು ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಮಗ್ಗ ಒರೆಸಿ, ಕುಂಕುಮವಿಟ್ಟು, ಹಾಸಿನ ಉದ್ದ ಎಳೆಗಳನ್ನು ಬಿಗಿದ ಹಗ್ಗ ಸಡಿಲ ಬಿಡುತ್ತೇವೆ. ತಿಂಗಳೆಲ್ಲ ಎಳೆಸಿಕೊಂಡ ರೇಷ್ಮೆ ಒಂದು ದಿನ ಮೈ ಬಿಟ್ಟುಕೊಂಡು ಮಲಗಲಿ ಅಂತ. ತಾತನ ಕಾಲದಿಂದ ಹೀಗೇ.

ಮೂರೂ ಮಗ್ಗ ಖಾಲಿ ಸಿಗುವುದು ಇವತ್ತೇ, ಹೊಸ ಕೋಡು ಇವತ್ತೇ ಹಾಕಿ ನೋಡು ಎಂದು ನಾನೇ ಶ್ರೀವಾಣಿಗೆ ಹೇಳಿದ್ದೆ. ಲಾಳಿ ಹಾಕುವುದಿಲ್ಲ, ಬರೀ ಕೊಕ್ಕೆ ಎತ್ತಿ ಇಳಿಸುವುದು. ಅದಕ್ಕೆ ದೇವರ ಅಡ್ಡಿ ಇಲ್ಲ.

ಮೊದಲು ನನ್ನದು. ಎದ್ದವು, ಇಳಿದವು. ಸ್ವಿಚ್ ಆರಿಸಿ ಹಾಕಿದಳು. ಬಿಟ್ಟ ಸಾಲಿನಿಂದಲೇ ಹಿಡಿಯಿತು. ಓಬಕ್ಕನದೂ ಹಾಗೇ. ಚೌಡೇಶನ ಮನೆಗೆ ಅವಳೊಬ್ಬಳೇ ಹೋದಳು. ನಾನು ಗೋಡೆಯ ಈಚೆ ನಿಂತು ಕೊಕ್ಕೆಯ ಸದ್ದು ಕೇಳಿದೆ. ನನ್ನದಕ್ಕಿಂತ ಗಡುಸು. ನಾಗೇಂದ್ರಪ್ಪನ ಪೆಟ್ಟಿಗೆ ಅಲ್ಲವೆ, ಅಷ್ಟೇ ಅಂದುಕೊಂಡೆ.

"ಮೂರೂ ಪಾಸ್ ಮಾವ!" ಎಂದು ಓಡಿ ಬಂದಳು. ಜಗದಾಂಬ ಅವಳಿಗೆ ಕಡುಬು ಕಟ್ಟಿಕೊಟ್ಟಳು. ನಾನೂ ಎರಡು ಜಾಸ್ತಿ ತಿಂದೆ.

೧೩ ಆಗಸ್ಟ್, ಸೋಮವಾರ

ಬೆಳಿಗ್ಗೆ ಎಲ್ಲರೂ ಹಗ್ಗ ಬಿಗಿದು ಮಗ್ಗಕ್ಕೆ ಇಳಿದೆವು. ನನ್ನದು ಚೆನ್ನಾಗಿ ನಡೆಯಿತು. ಒಂದು ಗೇಣು ನೇಯ್ದಿರಬೇಕು, ಗೋಡೆಯಾಚೆ ಪಟ್ ಪಟ್ ಪಟ್ ಸದ್ದು. ರೇಷ್ಮೆ ಹರಿಯುವ ಸದ್ದು ಯಾರೂ ಹೇಳಿಕೊಡಬೇಕಾಗಿಲ್ಲ.

ಚೌಡೇಶ ಬಾಗಿಲಿಗೆ ಬಂದ. ಏಳು ವರ್ಷದ ಮೇಲೆ. ಕೈಯಲ್ಲಿ ಹರಿದ ಎಳೆಯ ಗೊಂಚಲು.

"ಏಮಯ್ಯಾ ಯರ್ರಣ್ಣಾ! ಹೊಟ್ಟೆ ತಣ್ಣಗಾಯ್ತಾ?"

"ನಾನೇನ್ ಮಾಡ್ದೆ?"

"ಆ ಕೂಸಿನ ತಲಿಗೆ ಹತ್ತಿಸಿದ್ದು ಯಾರು? ಮೂರೂ ಒಂದ್ಮಾಡು ಅಂತ ಕುಣಿದೋನು ಯಾರು? ಒಂದಾಗಿದ್ದು ಸಾಕಪ್ಪ! ನಿಂದು ನಡೀತೈತೆ, ಓಬಕ್ಕಂದು ನಡೀತೈತೆ, ನನ್ ಹಾಸೇ ಹರೀಬೇಕಿತ್ತಾ?"

"ಲೇ, ನಿನ್ ಪೆಟ್ಟಿಗೆ ಗುಜರಿ ಕಣೋ."

"ನಿನ್ನೆ ಮೊನ್ನೆ ತಂಕ ಈ ಗುಜರೀನೇ ನೇಯ್ತಿತ್ತು!"

ಬಾಗಿಲು ಹಾಕಿಕೊಂಡೆ.

ಸಂಜೆಯ ಬಸ್ಸಿಗೆ ಶ್ರೀವಾಣಿ ಬಂದಳು. ಹರಿದ ಹಾಸು ನೋಡಿ ಮುಖ ಸಣ್ಣಗೆ ಮಾಡಿಕೊಂಡಳು.

"ಹಳೇ ಕೋಡೇ ಹಾಕಿಬಿಡ್ತೀನಿ ಮಾವ. ಮೂರಕ್ಕೂ ಬೇರೆ ಬೇರೆ."

"ಹಿರಿಯೂರಿಗೆ ಹೋದ ಮ್ಯಾಲೆ?"

ಹಳೇ ಕೋಡಾದರೆ ಕೆಡುವ ತನಕ ನೇಯುವುದು, ಕೆಟ್ಟ ದಿನ ಕಟ್ಟೆಗೆ ಹೋಗುವುದು.

೧೪ ಆಗಸ್ಟ್

ಗೋಡೆಯಾಚೆ ಸದ್ದಿಲ್ಲ. ಎಳೆ ಎಳೆ ಹುಡುಕಿ ಕಟ್ಟುತ್ತಿದ್ದಾನೆ. ನಾನು ನೇಯ್ದರೆ ನನ್ನ ಸದ್ದು ಅವನಿಗೆ ಕೇಳುತ್ತದೆ. ನೇಯಲಿಲ್ಲ. ಎದ್ದೆ, ಕೂತೆ. ಅಂಗಡಿಗೆ ಹೋಗಿ ಬೀಡಿ ತಂದೆ, ಬಿಟ್ಟು ಎಷ್ಟೋ ವರ್ಷವಾಗಿತ್ತು. ಜಗದಾಂಬ ಕಿತ್ತು ಒಲೆಗೆ ಹಾಕಿದಳು.

೧೬ ಆಗಸ್ಟ್, ಗುರುವಾರ

ಶ್ರೀವಾಣಿ ಬೂತಿಗೆ ಫೋನ್ ಮಾಡಿ ಕರೆಸಿದ್ದಳು. ನೆನಪಾಯಿತಂತೆ. ಚೌಡೇಶನ ಪೆಟ್ಟಿಗೆಯ ಮೋಟರು ಬೋರ್‌ವೆಲ್ ಸಾಮಾನಿನದು. ತಡೆದು ಬಿಡದಿದ್ದರೆ ಕೊಕ್ಕೆಯನ್ನು ಕಿತ್ತು ಎತ್ತುತ್ತದೆ. ಎರಡು ವರ್ಷದ ಹಿಂದೆ ಮೊದಲ ದಿನವೇ ಅದನ್ನು ಕಂಡು ಆ ಸಾಲು ಬರೆದಿದ್ದಳು, ಮರೆತಿದ್ದಳು.

"ಅಮಾವಾಸ್ಯೆ ದಿನ ಯಾಕೆ ಹರೀಲಿಲ್ಲ?" ಅಂದೆ. ಕೇಳಿದ ಮೇಲೆ ಬೂತಿನ ಗೋಡೆಗೆ ತಲೆ ಕೊಟ್ಟೆ. ಹಗ್ಗ ಸಡಿಲ ಬಿಟ್ಟಿದ್ದೆವಲ್ಲ! ಸಡಿಲ ಹಾಸನ್ನು ಎಷ್ಟು ಕಿತ್ತರೂ ಬಗ್ಗುತ್ತದೆ. ಅವಳಿಗೆ ಹೊಳೆಯಲಿಲ್ಲ. ಐವತ್ತು ವರ್ಷ ಹಗ್ಗ ಬಿಗಿದ ನನಗೂ ಹೊಳೆಯಲಿಲ್ಲ.

"ಎತ್ತೋ ರೀತಿಯನ್ನ ಒಟ್ಟಿನದಕ್ಕೆ ಹಾಕಬಾರದಿತ್ತು ಮಾವ. ಒಟ್ಟಿನ ಕೋಡು 'ಎತ್ತು' ಅಂತ ಮಾತ್ರ ಹೇಳ್ಬೇಕು. ಹೆಂಗೆ ಎತ್ಬೇಕು ಅನ್ನೋದು ಆಯಾ ಪೆಟ್ಟಿಗೆಗೆ ಬಿಟ್ಟಿದ್ದು. ಹಂಗೆ ಬರೆದಿದ್ದೀನಿ. ಆದ್ರೆ ಬಿಗಿದ ಹಾಸಿನ ಮೇಲೆ ನೋಡ್ದೆ ಹಾಕಲ್ಲ. ಚೌಡೇಶ ಮಾವ ಇನ್ನು ಬಾಗಿಲಿಗೂ ಸೇರ್ಸಲ್ಲ."

ಬೂತಿನಿಂದ ನೆಟ್ಟಗೆ ಅವನ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತೆ. ಹೋದೆ. ಹಾಸಿನ ಮೇಲೆ ಬಗ್ಗಿ ಎಳೆ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಆ ಸಾಲು ಹೊಡೆದಾಕು ಅಂದಿದ್ದು ನಾನು," ಅಂದೆ. "ಕೂಸು ಅನುಮಾನ ಮಾಡ್ತು. ನಿಂದು ಅಂತ ಹೊಡೆಸ್ದೆ."

"ಗೊತ್ತಿತ್ತು."

"ಏನ್ ಗೊತ್ತಿತ್ತು?"

"ನೀನು ಇರೋ ಕಡೆ ನನ್ನದು ಒಂದು ಹರೀತದೆ ಅಂತ."

"ನವಿಲು ಕದ್ದೋನು ನೀನು!"

"ಕದ್ದೆ. ನಿಂದು ಚೆಂದಿತ್ತು, ಕದ್ದೆ. ನಂದು ಚೆಂದಿದ್ರೆ ನಿಂದ್ಯಾಕೆ ಕದೀಲಿ?"

ಏಳು ವರ್ಷ ಕಾಯುತ್ತಿದ್ದ ಮಾತು. ಬಂದಾಗ ಹೊಡೆಯಬೇಕೋ ನಗಬೇಕೋ ಗೊತ್ತಾಗಲಿಲ್ಲ. ಮೊಣಕಾಲು ನೋಯುತ್ತಿತ್ತು, ಅವನ ಮಗ್ಗದ ಅಂಚಿನ ಮೇಲೇ ಕೂತೆ.

"ನಿನ್ ಪೆಟ್ಟಿಗೆ ಬಿಚ್ಚಿ ನನ್ ಮಗ್ಗಕ್ಕೆ ಕೂರಿಸು. ನನ್ ಹಾಸು ಬಿಗಿದು ನೋಡಾನ. ಹರಿದ್ರೆ ನಂದು ಹರೀಲಿ."

ಆಗ ತಲೆ ಎತ್ತಿದ.

"ಅರ್ಧ ಸೀರೆ ಐತಲ್ಲ ಅದ್ರಾಗೆ?"

"ಐತೆ."

"ತಲೆ ಕೆಟ್ಟೈತಾ ನಿಂಗೆ?"

"ಐತೆ ಅಂದ್ಕೋ. ಪೆಟ್ಟಿಗೆ ಇಳಿಸ್ತೀಯೋ ಇಲ್ವೋ?"

೧೯ ಆಗಸ್ಟ್, ಭಾನುವಾರ

ಪೆಟ್ಟಿಗೆ ಹೊತ್ತು ತಂದದ್ದು ಚೌಡೇಶ, ಶ್ರೀವಾಣಿ, ಓಬಕ್ಕ. ನಾನು ಬೈಯುವ ಕೆಲಸ ಮಾಡಿದೆ. ಕೂರಿಸಿ ಕೊಕ್ಕೆ ಕಟ್ಟುವಷ್ಟರಲ್ಲಿ ಊಟದ ಹೊತ್ತಾಯಿತು. ಯಾರೂ ಉಣ್ಣಲಿಲ್ಲ.

ಹಗ್ಗ ಬಿಗಿದವನು ಚೌಡೇಶ. ಗೂಟಕ್ಕೆ ಸುತ್ತಿ ಎಳೆದ. ಬೆರಳಲ್ಲಿ ಹಾಸು ಮೀಟಿ ನೋಡಿದ. ಇನ್ನೊಂದು ಸುತ್ತು ಎಳೆದ.

"ಲೇ, ಸಾಕೋ, ತಂಬೂರಿ ಮಾಡ್ತೀಯೇನೋ!"

"ನಾನು ನೇಯೋದು ಇಷ್ಟು ಬಿಗೀಲೇ. ನಿನ್ನಂಗೆ ಜೋಲಿ ಕಟ್ಟಿ ನೇಯಲ್ಲ."

ಶ್ರೀವಾಣಿ ಕೀ ಒತ್ತಿದಳು. ಮೋಟರು ಒಂದು ಕ್ಷಣ ಗುರ್ ಅಂದು ತಡೆಯಿತು. ಆಮೇಲೆ ಕೊಕ್ಕೆಗಳು ಎದ್ದವು. ನಿಧಾನಕ್ಕೆ, ಮುದುಕರು ಏಳುವ ಹಾಗೆ. ಯಾವ ಎಳೆಯೂ ಸದ್ದು ಮಾಡಲಿಲ್ಲ.

ನಾನು ಗುಂಡಿಗೆ ಇಳಿಯಬೇಕಿತ್ತು. ಮೊಣಕಾಲು ಬಗ್ಗಲಿಲ್ಲ, ಬೆಳಿಗ್ಗೆಯಿಂದ ನಿಂತೇ ಇದ್ದೆ. ಚೌಡೇಶ ನನ್ನ ಮುಖ ನೋಡಿದ. ಕೇಳಲಿಲ್ಲ, ತಾನೇ ಇಳಿದ. ನನ್ನ ಲಾಳಿ ಹಿಡಿದು ನನ್ನ ಸೀರೆ ನೇಯ್ದ. ಹತ್ತು ಸಾಲು, ಇಪ್ಪತ್ತು ಸಾಲು. ಅಂಚಿನ ಬಣ್ಣ ಕೂಡಿಸುವಾಗ ಅವನ ಕೈ ನೋಡಿದೆ. ಚೆನ್ನಾಗಿ ನೇಯುತ್ತಾನೆ, ಕಳ್ಳ.

ನಡುವೆ ಕರೆಂಟ್ ಹೋಯಿತು. ಎಲ್ಲರೂ ಮಬ್ಬಿನಲ್ಲಿ ಪೆಟ್ಟಿಗೆ ನೋಡುತ್ತಾ ಕೂತೆವು. ಬಂತು. ಬಿಟ್ಟ ಸಾಲಿನಿಂದಲೇ ಹಿಡಿಯಿತು. ಓಬಕ್ಕ ಚಪ್ಪಾಳೆ ಹೊಡೆದಳು.

ಶ್ರೀವಾಣಿ ಆ ತಡೆಯುವ ಸಾಲಿನ ಪಕ್ಕ ಈ ಸಲ ಕಾರಣ ಬರೆದಳು. ಏನು ಬರೆದೆ ಅಂತ ಕೇಳಿದೆ. "ಚೌಡೇಶ ಮಾವನ ಪೆಟ್ಟಿಗೆ. ತೆಗೀಬೇಡಿ. ಹಾಸು ಹರಿಯುತ್ತೆ."

೨೬ ಆಗಸ್ಟ್

ಪೆಟ್ಟಿಗೆಗಳು ಅವರವರ ಮನೆಯಲ್ಲಿವೆ. ಮೂರೂ ನಡೆಯುತ್ತಿವೆ. ಶ್ರೀವಾಣಿ ಇವತ್ತು ಕೊನೆಯ ಸಲ ಬಂದು, ಹೊಸ ಕೋಡು ಬಂದರೆ ಹಾಕುವುದು ಹೇಗೆಂದು ನಮಗೆ ಹೇಳಿಕೊಟ್ಟಳು. ಐದಾರು ಸಲ ಒತ್ತಿಸಿದಳು. ಚೌಡೇಶ ಏಳನೇ ಕ್ಲಾಸು, ಅಕ್ಷರ ಕೂಡಿಸುತ್ತಾನೆ. ನನಗೆ ಕೀ ಎಲ್ಲಿದೆ ಎಂದು ಕೈಗೆ ಗೊತ್ತು. ಓಬಕ್ಕ ದೂರ ಕೂತು, "ನಂಗೆ ಇದೆಲ್ಲ ಬ್ಯಾಡ, ನೀವೇ ಮಾಡ್ಕೊಳ್ರಿ," ಅಂದಳು.

ಬಸ್ಸು ಹತ್ತಿಸಿ ಬಂದೆ.

೮ ಸೆಪ್ಟೆಂಬರ್, ಶನಿವಾರ

ನಿಂತಿತು. ಕೊಕ್ಕೆ ಏಳುವುದಿಲ್ಲ. ಕರೆಂಟ್ ಇದೆ. ಆರಿಸಿ ಹಚ್ಚಿದೆ. ಇಲ್ಲ.

ಹಿರಿಯೂರಿಗೆ ಫೋನ್ ಹತ್ತಲಿಲ್ಲ. ಕಟ್ಟೆಯ ಮೇಲೆ ಕೂರಲಿಲ್ಲ, ಬೇಕಂತಲೇ ಒಳಗೆ ನಿಂತೆ. ಗೋಡೆಯಾಚೆ ಚೌಡೇಶನದು ನಡೆಯುತ್ತಿತ್ತು. ಒಂದೇ ಕೋಡಂತೆ. ಒಂದೇ ಆದರೆ ಅವನದು ಹೇಗೆ ನಡೆಯುತ್ತದೆ?

೯ ಸೆಪ್ಟೆಂಬರ್, ಭಾನುವಾರ

ಮಧ್ಯಾಹ್ನ ಗೋಡೆಯಾಚೆ ಸದ್ದು ನಿಂತಿತು. ಎರಡು ನಿಮಿಷಕ್ಕೆ ಚೌಡೇಶ ಬಾಗಿಲಲ್ಲಿ.

"ಯರ್ರಣ್ಣಾ, ನಿಂದು?"

"ನಿನ್ನೆನೇ."

"ಹೇಳ್ಬಾರ್ದಾ, ಕತ್ತೆ!"

ಇಬ್ಬರೂ ಬೂತಿಗೆ ಹೋದೆವು. ಫೋನ್ ಸಿಕ್ಕಿತು. ಶ್ರೀವಾಣಿ ಕೇಳಿ ಕೇಳಿ ಆಮೇಲೆ ಅಯ್ಯೋ ಅಂದಳು. ನೇಯ್ದ ಸಾಲಿನ ಲೆಕ್ಕ ಇಡುವ ಜಾಗ ಚಿಕ್ಕದು, ತುಂಬಿಹೋಗಿದೆ. ಒಟ್ಟಿನ ಕೋಡಿನಲ್ಲೇ ತಪ್ಪು. ಜಾಸ್ತಿ ನೇಯ್ದವನದು ಮೊದಲು ನಿಂತಿದೆ.

"ಕೇಳಿಸ್ತಾ?" ಅಂದೆ ಚೌಡೇಶನಿಗೆ. "ಜಾಸ್ತಿ ನೇಯ್ದೋನು ನಾನು."

"ಒಂದು ದಿನ. ಒಂದೇ ಒಂದು ದಿನ."

ಮೂರು ಮನೆಗೆ ಒಂದೇ ತಪ್ಪು. ಸೇರಿಸಿದ್ದರ ಫಲ ಇದೂ ಹೌದು. ರಾತ್ರಿ ತಿದ್ದಿ ಕಳಿಸುತ್ತಾಳೆ. ಬಸ್ ಸ್ಟ್ಯಾಂಡಿನ ಸೈಬರ್ ಸೆಂಟರಿಗೆ ಬರುತ್ತದಂತೆ.

೧೦ ಸೆಪ್ಟೆಂಬರ್, ಸೋಮವಾರ

ಚೌಡೇಶ ಸೈಕಲ್ಲಿನಲ್ಲಿ ಹೋಗಿ ಪೆನ್ ಡ್ರೈವಿನಲ್ಲಿ ತಂದ. ಅವನು ಅಕ್ಷರ ಹೇಳಿದ, ನಾನು ಒತ್ತಿದೆ. ಎರಡು ಸಲ ತಪ್ಪಿತು. ಅವನು ಬೈದ, ನಾನು ಬೈದೆ. ಮೂರನೇ ಸಲ ಕೊಕ್ಕೆ ಎದ್ದವು. ಅವನ ಮನೆಗೆ ಹೋದೆವು. ಅದೂ ಎದ್ದಿತು.

ಉಳಿದದ್ದು ಓಬಕ್ಕನದು. ನಿಧಾನಕ್ಕೆ ನೇಯುವವಳು, ಅವಳದು ಇನ್ನೂ ನಿಂತಿಲ್ಲ. ನಾಳೆಯೋ ನಾಡಿದ್ದೋ ನಿಲ್ಲುತ್ತದೆ. ನಿಲ್ಲುವ ಮೊದಲೇ ಹಾಕಬೇಕು. ಬೆಳಿಗ್ಗೆ ಹೇಳಿಕಳಿಸಿದರೆ, "ನಂದು ನಡೀತಾ ಐತೆ, ಇಬ್ರೂ ಮುಟ್ಟಬ್ಯಾಡ್ರಿ," ಅಂದಳಂತೆ. ಗುಂಡಿಯಿಂದ ಏಳುವುದಿಲ್ಲವಂತೆ.

ಚೌಡೇಶ ಬೀದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದಾನೆ. ಹಿಂದೆ ಕೂತ್ಕೋ, ನೀನು ನಡೆದು ಬಂದ್ರೆ ಸಂಜೆ ಆಗುತ್ತೆ ಅಂತಾನೆ. ಅವನ ಸೈಕಲ್ಲಿಗೆ ನಾನು ಕೂರುವುದೆ? ಬೆಲ್ಲು ಬಾರಿಸುತ್ತಲೇ ಇದ್ದಾನೆ, ಇಡೀ ಬೀದಿ ಕೇಳಬೇಕು ಅಂತ. ಬಂದೆ ಕಣೋ, ಬಂದೆ!